ಎರಡು ಶಾಲೆಗಳ ನೆಲ ಒರೆಸುವ ಗಣಿತ ಟೀಚರ್

ಬೆಳಗಿನ ಐದೂಕಾಲು. ಕತಾರಿನ ಅಲ್ ಅಜೀಜಿಯಾದ ಅಮೆರಿಕನ್ ಶಾಲೆಯೊಂದರಲ್ಲಿ ಉಮಾವತಿ ಐದನೇ ತರಗತಿಯ ಬಾಗಿಲು ತೆರೆದು ಲೈಟ್ ಹಾಕುತ್ತಾರೆ. ನೆಲದ ಮೇಲೆ ದಿಂಬುಗಳು, ಬಣ್ಣದ ಕಾಗದದ ಚೂರು, ಯಾರೋ ಬಿಟ್ಟುಹೋದ ಒಂಟಿ ಕಾಲುಚೀಲ. ಏಳರೊಳಗೆ ಹನ್ನೊಂದು ಕೋಣೆ, ನಾಲ್ಕು ಶೌಚಾಲಯ ಮುಗಿಯಬೇಕು. ಬೋರ್ಡಿನಲ್ಲಿ ನಿನ್ನೆಯ ಲೆಕ್ಕ ಉಳಿದಿದ್ದರೆ ಮಾತ್ರ ಕೈ ನಿಲ್ಲುತ್ತದೆ. ಮನಸ್ಸಿನಲ್ಲೇ ಬಿಡಿಸಿ, ಆಮೇಲೆ ಒರೆಸುತ್ತಾರೆ.

ಪಡುಬಿದ್ರಿ ಬಳಿಯ ಕನ್ನಡ ಶಾಲೆಯಲ್ಲಿ ಹದಿನೇಳು ವರ್ಷ ಗಣಿತ ಕಲಿಸಿದವರು ಇವರು. ಮಕ್ಕಳ ಸಂಖ್ಯೆ ಒಂಬತ್ತಕ್ಕಿಳಿದ ವರ್ಷ ಆ ಶಾಲೆ ಮುಚ್ಚಿತು. ಕತಾರಿಗೆ ಬಂದು ಆರು ವರ್ಷ. ಅವರ ಟೀಚರ್ ಟ್ರೈನಿಂಗನ್ನು ಇಲ್ಲಿ ಯಾವ ಶಾಲೆಯೂ ಒಪ್ಪಲಿಲ್ಲ. ಕ್ಲೀನಿಂಗ್ ಕಂಪನಿ ಅದನ್ನು ಕೇಳಲೂ ಇಲ್ಲ. ನಜ್ಮಾ ಬಡಾವಣೆಯ ಒಂದೇ ಕೋಣೆಯಲ್ಲಿ ಐವರು ಹೆಂಗಸರೊಂದಿಗೆ ವಾಸ. ಮಧ್ಯಾಹ್ನ ಕಂಪನಿಯ ವ್ಯಾನು ಅವರನ್ನು ಚೀನೀ ಶಾಲೆಯೊಂದಕ್ಕೆ ಒಯ್ಯುತ್ತದೆ.

"ಅಮೆರಿಕನ್ ಶಾಲೆಯಲ್ಲಿ ಮಕ್ಕಳು ನೆಲದಲ್ಲಿ ಮಲಗಿ ಓದ್ತಾರೆ ಮಾರಾಯ್ರೆ. ಉತ್ತರ ತಪ್ಪಿದ್ರೂ ಟೀಚರ್ 'ಗುಡ್ ಟ್ರೈ' ಅಂತಾರೆ. ಚೀನೀ ಶಾಲೆಯಲ್ಲಿ ಎಲ್ರೂ ಒಟ್ಟಿಗೆ ಎದ್ದು ನಿಲ್ತಾರೆ, ಕ್ಲಾಸು ತಾವೇ ಗುಡಿಸ್ತಾರೆ. ಆದ್ರೆ ತೊಂಬತ್ತು ಬಂದ್ರೂ ಮುಖ ಬಾಡಿರ್ತದೆ" ಎನ್ನುತ್ತಾರೆ ಉಮಾವತಿ.

ಫೆಬ್ರವರಿಯಲ್ಲಿ ಅಮೆರಿಕನ್ ಶಾಲೆಯ ಹುಡುಗಿಯೊಬ್ಬಳು ಭಾಗಾಕಾರ ಬಾರದೆ ಶೌಚಾಲಯದಲ್ಲಿ ಅಳುತ್ತಿದ್ದಳು. ಉಮಾವತಿ ಮಾಪ್ ಗೋಡೆಗೊರಗಿಸಿ, ಅವಳ ಪುಸ್ತಕದ ಅಂಚಿನಲ್ಲಿ ಹಂತಹಂತವಾಗಿ ಬರೆದು ತೋರಿಸಿದರು. ಹುಡುಗಿ ಕುಣಿಯುತ್ತಾ ಹೋಗಿ ಎಲ್ಲರಿಗೂ ಹೇಳಿದಳು. ಮರುದಿನ ಸೂಪರ್‌ವೈಸರ್ ಲ್ಯಾನ್ಸ್‌ಲಾಟ್ ಒಂದು ಎಚ್ಚರಿಕೆಯ ಕಾಗದ ತಂದ. ಅವನೂ ಊರಿನ ಕಡೆಯವನೇ.

"ಉಮಕ್ಕ, ಮಕ್ಕಳ ಹತ್ರ ಮಾತಾಡ್ಲಿಕ್ಕಿಲ್ಲ ಅಂತ ರೂಲ್ ಉಂಟಲ್ಲ? ಇನ್ನೊಂದು ಸಲ ಆದ್ರೆ ಖಲಾಸ್. ನನ್ನ ಕೈಯಲ್ಲಿ ಏನಿಲ್ಲ."

ಅವರು ಸಹಿ ಹಾಕಿದರು.

ಮುಂದಿನ ತಿಂಗಳು ಚೀನೀ ಶಾಲೆಯ ಶೌಚಾಲಯದಲ್ಲಿ ಇನ್ನೊಬ್ಬ ಹುಡುಗಿ. ಕೈಯಲ್ಲಿ ಕೆಂಪು ಶಾಯಿಯ ಉತ್ತರಪತ್ರಿಕೆ, ಎಂಬತ್ತೆಂಟು ಅಂಕ. ಮನೆಗೆ ಹೋಗಲು ಹೆದರಿ ಗೋಡೆಗಂಟಿ ಕೂತಿದ್ದಳು.

"ಅವಳ ಭಾಷೆ ನನಗೆ ಬರುವುದಿಲ್ಲ. ಲೆಕ್ಕ ಬರ್ತದಲ್ಲ! ತಪ್ಪು ಎಲ್ಲಿ ಅಂತ ನಿಂತಲ್ಲಿಂದಲೇ ಕಂಡಿತು. ಕಳೆಯುವಾಗ ದಶಕ ತಗೊಳ್ಳಲಿಕ್ಕೆ ಮರೆತಿದ್ದಳು, ಅಷ್ಟೇ. ನಾನು ಬಾಯಿ ಮುಚ್ಚಿ ನೆಲ ಒರೆಸಿದೆ. ಅವಳು ಮುಖ ತೊಳೆದುಕೊಂಡು ಹೋದಳು. ಹದಿನೇಳು ವರ್ಷದಲ್ಲಿ ಅಳುವ ಒಂದು ಮಗುವನ್ನೂ ನಾನು ಹಾಗೆ ಕಳಿಸಿದವಳಲ್ಲ."

ಆ ಹುಡುಗಿ ಮತ್ತೆ ಆ ಕಡೆ ಬರಲಿಲ್ಲ. ಬಂದರೂ ಮಾತಾಡುವ ಧೈರ್ಯ ತನಗಿಲ್ಲ ಎಂದು ಉಮಾವತಿ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಈ ಕೆಲಸವೂ ಹೋದರೆ ಮರಳಿ ಹೋಗಲು ಊರಲ್ಲಿ ಅವರಿಗೊಂದು ಶಾಲೆಯಿಲ್ಲ.

ಎರಡು ಶಾಲೆಗಳಲ್ಲಿ ಯಾವುದರ ಪದ್ಧತಿ ಒಳ್ಳೆಯದೆಂದು ಕೇಳಿದರೆ ಮಾಪ್ ಹಿಂಡುತ್ತಲೇ ಉತ್ತರಿಸುತ್ತಾರೆ.

"ಅದನ್ನು ದೊಡ್ಡವರು ಹೇಳ್ಲಿ. ನನಗೆ ಪಾಠ ಮಾಡ್ಲಿಕ್ಕೆ ಕೊಡುವುದು ಬೇಡ. 'ಏನಾಯ್ತು ಮಗಾ' ಅಂತ ಕೇಳ್ಲಿಕ್ಕೆ ಬಿಟ್ಟರೆ ಸಾಕಿತ್ತು."