ನೊಣ ಎದ್ದು ಹೋದ ಮೀನು

ಹೊಳೆಗೂ ಕಡಲಿಗೂ ನಡುವಿನ ಬೆಂಗ್ರೆಯಲ್ಲಿ ಮೀನು ಒಣಗಿಸುವ ಹೆಂಗಸರೆಲ್ಲ ಕೈಯಲ್ಲೊಂದು ತೆಂಗಿನ ಗರಿ ಹಿಡಿದು ನೊಣ ಓಡಿಸುತ್ತಿದ್ದರು. ರಾಜೀವಿ ಓಡಿಸುತ್ತಿರಲಿಲ್ಲ. ಚಾಪೆಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ನೊಣವನ್ನೇ ನೋಡುತ್ತಿದ್ದಳು. ನನ್ನ ಚಾಪೆ ಅವಳ ಚಾಪೆಗೆ ತಾಗಿಯೇ ಇತ್ತು. ಅವಳು ನೋಡಿದ್ದನ್ನು ನಾನೂ ನೋಡಿದ್ದೇನೆ.

ಬಂಗುಡೆ ಮೀನನ್ನು ಬೆನ್ನಿನಿಂದ ಸೀಳಿ, ಕಿವಿರು ತೆಗೆದು, ಉಪ್ಪು ತುಂಬಿ ತೊಟ್ಟಿಯಲ್ಲಿ ಇಡುತ್ತೇವೆ. ಆಮೇಲೆ ಬಿಸಿಲಿಗೆ. ಚರ್ಮಕ್ಕೆ ಉಪ್ಪು ಬೇಗ ಹಿಡಿಯುತ್ತದೆ. ಮುಳ್ಳಿನ ಬುಡಕ್ಕೆ ಹೋಗಿದೆಯೋ ಇಲ್ಲವೋ ಎಂದು ಮುಟ್ಟಿದ ಕೈಗೆ ಗೊತ್ತಾಗುವುದಿಲ್ಲ. ಮನೆ ನೊಣ ಬರುವುದು ತಿನ್ನಲಿಕ್ಕೆ, ಅದನ್ನು ರಾಜೀವಿ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಹಸಿರು ಹೊಳೆಯುವ ದೊಡ್ಡ ನೊಣ ಬರುವುದು ಮೊಟ್ಟೆ ಇಡಲಿಕ್ಕೆ. ಅದು ಮೀನಿನ ಮೇಲೆ ಕೂತು ಕಾಲಲ್ಲಿ ಮುಟ್ಟುತ್ತದೆ, ನಾಲ್ಕು ಹೆಜ್ಜೆ ನಡೆಯುತ್ತದೆ. ಉಪ್ಪು ಸರಿ ಇದ್ದರೆ ಎದ್ದು ಹೋಗುತ್ತದೆ. ಕಡಿಮೆ ಇದ್ದರೆ ಮುಳ್ಳಿನ ಸಂದಿಗೋ ತಲೆಯ ಒಳಗೋ ಹೊಕ್ಕು ಹಿಂಭಾಗ ಊರುತ್ತದೆ. ಒಂದು ಇಟ್ಟಲ್ಲಿಗೇ ಇನ್ನೊಂದು ಬರುತ್ತದೆ. ಬಿಳಿ ರವೆಯ ಮುದ್ದೆಯ ಹಾಗೆ ಮೊಟ್ಟೆ.

"ಮಗುವನ್ನು ಎಲ್ಲಿ ಹೆರಬೇಕು ಅಂತ ಅದಕ್ಕೆ ಗೊತ್ತುಂಟು. ಉಪ್ಪಿನಲ್ಲಿ ಹುಳ ಬದುಕುವುದಿಲ್ಲ. ನಾನು ಯಾಕೆ ಓಡಿಸಲಿ? ಅದು ನನಗೆ ಬಿಟ್ಟಿ ಕೆಲಸ ಮಾಡ್ತದೆ" ಎನ್ನುತ್ತಿದ್ದಳು. ನೊಣ ತಡೆದು ಕೂತ ಮೀನನ್ನು ಎತ್ತಿ, ತೊಳೆದು, ಮತ್ತೆ ಉಪ್ಪಿಗೆ ಹಾಕುತ್ತಿದ್ದಳು.

ಅವಳ ಗಂಡ ಸೇಸಪ್ಪ, ಹೊಳೆ ಕಡಲು ಸೇರುವ ಅಳಿವೆ ಬಾಯಲ್ಲಿ ದೋಣಿ ಮಗುಚಿ ಮೊಣಕಾಲು ಕಳಕೊಂಡಿದ್ದ. ಮತ್ತೆ ಕಡಲಿಗೆ ಇಳಿಯಲಿಲ್ಲ. ಮನೆ ನಡೆಯುತ್ತಿದ್ದದ್ದು ಈ ಒಣಮೀನಿನಲ್ಲಿ. ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ಅದಕ್ಕೆ ಮೊದಲು ಬಂದರಿನ ಒಣಮೀನು ವ್ಯಾಪಾರಿ ಹಾಶಿಂ ಬ್ಯಾರಿ ಹೊಳೆ ದಾಟಿ ಬಂದು ಕೊನೆಯ ಮಾಲು ತೆಗೆದುಕೊಂಡರೆ ಅಷ್ಟೂ ತಿಂಗಳು ಅಕ್ಕಿ ಉಂಟು. ತೆಗೆದುಕೊಳ್ಳದಿದ್ದರೆ ಇಲ್ಲ.

ಐವತ್ತೆಂಟರ ಮೇ ತಿಂಗಳು. ಹಾಶಿಂ ಬರುವ ದಿನ ಬೆಳಿಗ್ಗೆ ರಾಜೀವಿಯ ಚಾಪೆಗಳ ಮೇಲೆ ಒಂದು ನೊಣವೂ ಇಲ್ಲ. ನನ್ನ ಚಾಪೆಯಲ್ಲಿ ಮಾಮೂಲಿನಂತೆ ಇತ್ತು.

ಹಾಶಿಂಗೆ ಖುಷಿಯೋ ಖುಷಿ. "ಎಂತ ರಾಜೀವಕ್ಕ, ನೊಣಗಳನ್ನು ಮದುವೆಗೆ ಕಳಿಸಿದ್ದೀರಾ? ಮಾಲು ಅಂದ್ರೆ ಹೀಗಿರಬೇಕು. ಕಟ್ಟಿಸಿ, ದೋಣಿ ಕಾಯ್ತಾ ಉಂಟು."

ರಾಜೀವಿ ಕಟ್ಟಿಸಲಿಲ್ಲ. "ಸ್ವಲ್ಪ ಕೂತುಕೊಳ್ಳಿ ಸಾವ್ಕಾರ್ರೇ. ನೊಣ ಬಂದು ಬೇಡ ಅಂತ ಹೋದರೆ ನನಗೆ ಧೈರ್ಯ. ಬರುವುದೇ ಇಲ್ಲ ಅಂದ್ರೆ ಎಂತದೋ ಉಂಟು."

"ನೊಣ ಬಂದರೂ ಕಷ್ಟ, ಬಾರದಿದ್ದರೂ ಕಷ್ಟವಾ ನಿಮಗೆ?" ಎಂದು ಹಾಶಿಂ ನಕ್ಕರು.

ಅವಳು ಉಪ್ಪು ಹಾಕದ ಒಂದು ಹಸಿ ಬೂತಾಯಿ ಮೀನನ್ನು ಸೀಳಿ ಚಾಪೆಯ ನಡುವೆ ಇಟ್ಟಳು. ಅದರ ವಾಸನೆ ಬಿಟ್ಟು ಇರಲಿಕ್ಕೆ ಹಸಿರು ನೊಣಕ್ಕೆ ಆಗುವುದಿಲ್ಲ. ಬಂದವು. ಚಾಪೆಯ ಮೇಲೆ ನಡೆದವು. ಸ್ವಲ್ಪ ಹೊತ್ತಿನಲ್ಲಿ ಒಂದೊಂದಾಗಿ ಕಾಲು ನಡುಗಿ, ಅಂಗಾತ ಬಿದ್ದು, ಗುಂಯ್ ಎಂದು ಸುತ್ತಿದವು.

ರಾಜೀವಿ ಚಾಪೆಯ ಅಂಚು ಎತ್ತಿದಳು. ಮರಳಿನ ಮೇಲೆ ಬಿಳಿ ಪುಡಿ.

ಅವಳು ತಿರುಗಿ ಗಂಡನನ್ನು ನೋಡಿದಳು. ಸೇಸಪ್ಪ ದೋಣಿಯ ನೆರಳಲ್ಲಿ ಕೂತು ಬಲೆಯ ಕಣ್ಣು ಎಣಿಸುವವನಂತೆ ತಲೆ ತಗ್ಗಿಸಿದ್ದ.

"ಇದು ಎಂತ?"

"ಡಿಡಿಟಿ. ಮಲೇರಿಯಾದವರು ಗೋಡೆಗೆ ಹೊಡೀತಾರಲ್ಲ, ಅದೇ. ಒಬ್ಬ ಗುರ್ತದವ ಕೊಟ್ಟ. ಮೀನಿಗೆ ಹಾಕಲಿಲ್ಲ ಮಾರಾಯ್ತಿ, ಚಾಪೆಯ ಅಡಿಗೆ ಮಾತ್ರ. ಬ್ಯಾರಿ ಬರುವಾಗ ಚಂದ ಕಾಣಲಿ ಅಂತ. ನೀನು ಒಬ್ಬಳೇ ದುಡಿದು ಸಾಯ್ತಿ, ನನ್ನಿಂದಲೂ ಎಂತಾದ್ರೂ ಆಗಲಿ ಅಂತ..."

"ಗಾಳಿಗೆ ನೀವು ಹೇಳಿದ್ರಾ, ಅಡಿಯಲ್ಲೇ ಇರು ಅಂತ?"

ಹಾಶಿಂ ಎದ್ದು ಲುಂಗಿ ಕೊಡವಿದರು. ಅಷ್ಟೂ ಚಾಪೆಯ ಮೀನನ್ನು ರಾಜೀವಿ ಅವರ ಎದುರೇ ಗುಂಡಿ ತೋಡಿ ಹೂಳಿದಳು. ಬೆಕ್ಕು ನಾಯಿ ತೋಡದ ಹಾಗೆ ಮೇಲೆ ಕಲ್ಲು ಇಟ್ಟಳು. ನಾನೂ ಸೇರಿ ಹೊತ್ತೆ. ಆಮೇಲೆ ಕೈ ತೊಳೆದು ಹೇಳಿದಳು: "ಸಾವ್ಕಾರ್ರೇ, ತೊಟ್ಟಿಯಲ್ಲಿ ಇನ್ನೊಂದು ಪಾಲು ಉಂಟು. ಬರುವ ಶುಕ್ರವಾರ ನಿಮ್ಮ ನಮಾಜು ಮುಗಿಸಿ ಬನ್ನಿ. ಒಣಗಿರ್ತದೆ."

"ಮಳೆ ಬಂದರೆ?"

"ಬಂದರೆ ನಿಮಗೆ ದೋಣಿಯ ಬಾಡಿಗೆ ನಷ್ಟ, ನನಗೆ ಗಂಜಿ ನಷ್ಟ. ಆದರೂ ಬನ್ನಿ."

ಅವಳು ಜಾಗ ಬದಲಿಸಿದಳು. ನನ್ನ ಚಾಪೆಯ ಇನ್ನೊಂದು ಬದಿಗೆ, ಪುಡಿ ಬಿದ್ದಲ್ಲಿಂದ ದೂರ, ಹೊಸ ಚಾಪೆ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು, ಮಧ್ಯಾಹ್ನ ಒಡೆದು ಬಿಸಿಲು ಬರುತ್ತಿತ್ತು. ಸಂಜೆ ಮೀನು ಒಳಗೆ, ಬೆಳಿಗ್ಗೆ ಹೊರಗೆ. ಒಂದು ದಿನ ಎರಡು ಹನಿ ಬಿತ್ತು, ಅಷ್ಟೆ. ಹಸಿರು ನೊಣಗಳು ಬಂದವು. ಅವಳ ಮುಖದಲ್ಲಿ ನಗು ಕಂಡದ್ದು ಆಗ.

ಶುಕ್ರವಾರ ಹಾಶಿಂ ಬಂದರು. ಈ ಸಲ ಮೀನು ಮುಟ್ಟಲಿಲ್ಲ, ರಾಜೀವಿಯ ಪಕ್ಕ ಅವಳ ಹಾಗೆಯೇ ಕುಕ್ಕರಗಾಲಲ್ಲಿ ಕೂತರು. ಒಂದು ನೊಣ ಬಂತು. ಕೂತಿತು. ನಡೆಯಿತು. ಎದ್ದು ಹೋಯಿತು. ಇನ್ನೊಂದೂ ಹಾಗೆಯೇ. ಮೂರನೆಯದು ಮೂಲೆಯ ಒಂದು ದಪ್ಪ ಬಂಗುಡೆಯ ತಲೆಯೊಳಗೆ ಹೊಕ್ಕಿತು, ಹೊರಗೆ ಬರಲಿಲ್ಲ.

"ಅದು! ಅದು!" ಎಂದು ಹಾಶಿಂ ಕೂಗಿದರು.

"ಕಂಡಿತು. ಹೆದರಬೇಡಿ" ಎಂದು ರಾಜೀವಿ ಆ ಮೀನನ್ನು ಎತ್ತಿ ಉಪ್ಪಿನ ತೊಟ್ಟಿಗೆ ಎಸೆದಳು. ಮಿಕ್ಕಿದ್ದು ಅಷ್ಟೂ ಆ ದಿನವೇ ಹೊಳೆ ದಾಟಿತು. ಹಿಂದೆಯೇ ಮಳೆ ಹಿಡಿಯಿತು. ರಾಜೀವಿಯ ಮನೆಯ ಒಲೆ ಆ ಮಳೆಗಾಲ ಆರಲಿಲ್ಲ.

ಮಳೆ ಬಿಟ್ಟು ದೋಣಿ ಇಳಿದ ಮೇಲೆ ಸೇಸಪ್ಪನಿಗೆ ಅವಳು ಒಂದು ಕೆಲಸ ಕೊಟ್ಟಳು. ಓಲೆಕೊಡೆಯ ಕೆಳಗೆ ಚಾಪೆಯ ಬದಿ ಕೂತು ನೊಣ ಕಾಯುವುದು. ಓಡಿಸಬಾರದು, ಎಲ್ಲಿ ತಡೆಯಿತು ಎಂದು ಹೇಳಬೇಕು. ಮೊಣಕಾಲು ಬೇಡದ ಕೆಲಸ. ಅವನು ಅದರಲ್ಲಿ ಅವಳಿಗಿಂತ ಹುಷಾರಾದ, ಸ್ವಲ್ಪ ಜಂಬವೂ ಬಂತು.

ಹಾಶಿಂ ದೋಣಿಯಿಂದ ಇಳಿಯುವ ಮೊದಲೇ ಕೂಗುತ್ತಿದ್ದರು: "ಸೇಸಪ್ಪಣ್ಣ, ನಿಮ್ಮ ನೊಣ ಎಂತ ಹೇಳ್ತದೆ?"

"ಬೇಡ ಅಂತ ಹೇಳಿತು ಸಾವ್ಕಾರ್ರೇ, ನೀವು ತಗೊಳ್ಳಬಹುದು."