ಗ್ಯಾಸ್ ಪೈಪಿನ ಗುಳ್ಳೆ

ಮಳೆಗಾಲಕ್ಕೆ ಮುಂಚೆ ಮನೆಮನೆಯ ಗ್ಯಾಸ್ ಪೈಪು ನೋಡಿ ಬರುವುದು ನನ್ನ ಕೆಲಸ. 2016ರಲ್ಲಿ ಒಂದು ಮನೆಯ ಅಜ್ಜಿ, "ನಮ್ಮನೇಲಿ ಲೀಕೂ ಇಲ್ಲ ಗೀಕೂ ಇಲ್ಲ, ಓಗಪ್ಪ" ಅಂದರು. ಆದರೂ ಪೈಪಿಗೆ ಸೋಪಿನ ನೀರು ಹಚ್ಚಿದೆ. ಬುಳುಬುಳು ಗುಳ್ಳೆ ಎದ್ದವು. ಅಜ್ಜಿಗೆ ಖುಷಿಯೋ ಖುಷಿ! "ಬನ್ರವ್ವ, ನೋಡ್ರವ್ವ!" ಎಂದು ಬೀದಿಯನ್ನೇ ಕರೆದರು.

ಮೊದಲು ಓಡಿಬಂದ ಪಕ್ಕದ ಮನೆ ತಾತನ ಬಾಯಲ್ಲಿ ಉರಿಯುವ ಬೀಡಿ! ನಾನು ರೆಗ್ಯುಲೇಟರ್ ಆಫ್ ಮಾಡುತ್ತಾ "ಬೀಡಿ! ಬೀಡಿ!" ಎಂದು ಕಿರುಚಿದೆ. ಬಾಗಿಲಲ್ಲೇ ನಿಂತ ತಾತ ಜೇಬಿನಿಂದ ಇನ್ನೊಂದು ತೆಗೆದು, "ಕೊಡ್ತೀನಿ ಕಣ್ಲಾ, ಅದಕ್ಯಾಕಿಂಗೆ ಅರಚ್ತೀಯ?" ಅಂದರು. ಅವರನ್ನು ಅಂಗಳಕ್ಕೆ ಕಳಿಸಿ ಕಿಟಕಿ ತೆರೆದ ಮೇಲೆ ನನಗೂ ನಗು ತಡೆಯಲಾಗಲಿಲ್ಲ.

ಹೊಸ ಪೈಪು ಹಾಕಿ ಮತ್ತೆ ಸೋಪಿನ ನೀರು ಹಚ್ಚಿದೆ. ಒಂದು ಗುಳ್ಳೆಯೂ ಬರಲಿಲ್ಲ. ಅಜ್ಜಿ ಮುಖ ಸಪ್ಪೆ ಮಾಡಿಕೊಂಡು, "ಅಳೇದೇ ಚೆನ್ನಾಗಿತ್ತು ಕಣಪ್ಪ" ಅಂದರು.