ಒಂದು ಲಘು, ಎರಡು ಗುರು

ನನ್ನ ತಂಗಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಜಿಗಣಿಯ ಕಾರ್ಖಾನೆಯೊಂದರಲ್ಲಿ ಸರ್ಕ್ಯೂಟ್ ಬೋರ್ಡುಗಳ ಬೆಸುಗೆ ಸರಿಯಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡುವ ಕೆಲಸ ಅವಳದು. ಕಣ್ಣು ಗಾಜಿಗೆ ಅಂಟಿಕೊಂಡರೆ ಪಕ್ಕದಲ್ಲಿ ಆನೆ ಬಂದು ನಿಂತರೂ ಗೊತ್ತಾಗದು. ಹಾಗಾಗಿ ಅಲ್ಲಿ ಅವಳನ್ನು ಕರೆಯಬೇಕಾದವರು ಹಿಂದಿನಿಂದ ಕಾಗದದ ಉಂಡೆ ಎಸೆಯುತ್ತಿದ್ದರು. ಒಂದು ಸಂಜೆ ಅವಳ ಜಡೆಯಲ್ಲಿ ಸಿಕ್ಕಿಕೊಂಡಿದ್ದ ಉಂಡೆ ನೋಡಿ ನನಗೆ ಇದು ತಿಳಿಯಿತು. ಕೂಡಲೇ ಅವಳ ಸೂಪರ್‌ವೈಸರಿಗೆ ಫೋನ್ ಮಾಡಿದೆ.

“ಏನ್ ಮಾಡೋದು ಮೇಡಂ, ಕೂಗಿದ್ರೆ ಕೇಳ್ಸಲ್ವಲ್ಲ. ಬರೀ ಪೇಪರ್ರು, ನೋವಾಗಲ್ಲ ಬಿಡಿ,” ಎಂದರು.

“ನಿಮ್ಮನ್ನ ನಿಮ್ಮ ಬಾಸು ಹಿಂಗೇ ಕರೀತಾರಾ ಸಾರ್?” ಎಂದೆ.

ನಾನು ಹೂಡಿಯ ಟೆಕ್ ಪಾರ್ಕೊಂದರಲ್ಲಿ ವೆಬ್‌ಸೈಟ್ ಮಾಡುವವಳು. ಸಿಟ್ಟು ಬಂದರೆ ನನಗೆ ಸುಮ್ಮನೆ ಕೂರಲಾಗುವುದಿಲ್ಲ. ಆ ಭಾನುವಾರವೇ ಒಂದು ಪುಟ್ಟ ವೆಬ್ ಪುಟ ಬರೆದೆ. ತಂಗಿಯ ಫೋನಿನಲ್ಲಿ ಆ ಪುಟ ತೆರೆದಿದ್ದರೆ ಸಾಕು, ನಾವು ನಮ್ಮ ಫೋನಿನಲ್ಲಿ ಒಂದು ಗುಂಡಿ ಒತ್ತಿದಾಗ ಅವಳದು ಅದುರುತ್ತದೆ. ಹೇಗೆ ಅದುರಬೇಕು ಎಂದು ಯೋಚಿಸುವಾಗ ಹೈಸ್ಕೂಲಿನ ಛಂದಸ್ಸು ನೆನಪಾಯಿತು. ಪ್ರಸ್ತಾರ ತಪ್ಪಾಗಿ ಹಾಕಿ ಕನ್ನಡ ಮೇಷ್ಟ್ರಿಂದ ಬೈಸಿಕೊಂಡಿದ್ದೆಲ್ಲ ಕೊನೆಗೂ ಉಪಯೋಗಕ್ಕೆ ಬಂತು. ಅವಳ ಹೆಸರಿಗೆ ಮೂರಕ್ಷರ: ಒಂದು ಲಘು, ಎರಡು ಗುರು. ಲಘುವಿಗೆ ಚಿಕ್ಕದಾಗಿ, ಗುರುವಿಗೆ ಉದ್ದಕ್ಕೆ ಅದುರುವಂತೆ ಮಾಡಿದೆ.

ಫೋನನ್ನು ಅವಳ ಅಂಗೈಯಲ್ಲಿಟ್ಟು ಗುಂಡಿ ಒತ್ತಿದೆ. ಏನಿದು ಎಂದು ಹುಬ್ಬೇರಿಸಿದಳು. ನಿನ್ನ ಹೆಸರು ಎಂದು ಕೈಸನ್ನೆಯಲ್ಲಿ ಹೇಳಿದೆ. ಇನ್ನೊಮ್ಮೆ ಎಂದಳು. ಮತ್ತೆ ಇನ್ನೊಮ್ಮೆ. ನನ್ನ ಹೆಸರು ಇಷ್ಟುದ್ದವಾ ಎಂದು ಕೇಳಿ ನಕ್ಕಳು. ಅಲ್ಲಿಯವರೆಗೆ ಬರೆದು, ಓದಿಯಷ್ಟೇ ಗೊತ್ತಿದ್ದ ಹೆಸರು ಮೊದಲ ಸಲ ಅವಳನ್ನು ಕರೆದಿತ್ತು. ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಅವಳ ಜೊತೆ ಕೆಲಸ ಮಾಡುವವರಿಗೆಲ್ಲ ಲಿಂಕ್ ಕಳಿಸಿದೆ. ಸೂಪರ್‌ವೈಸರ್ ಕೂಡ ಗೊಣಗುತ್ತಲೇ ಗುಂಡಿ ಒತ್ತುವುದನ್ನು ಕಲಿತರು. ತಂಗಿ ಎಡಗೈ ಪಕ್ಕ ಫೋನಿಟ್ಟುಕೊಂಡು, ಕಿರುಬೆರಳನ್ನು ಅದಕ್ಕೆ ತಾಗಿಸಿ ಕೆಲಸ ಮಾಡುತ್ತಿದ್ದಳು. ಹೆಸರು ಬಂದರೆ ತಲೆಯೆತ್ತುತ್ತಿದ್ದಳು. ಉಂಡೆ ಎಸೆಯುವುದು ನಿಂತೇಹೋಯಿತು.

ಈ ವರ್ಷ ಕಾರ್ಖಾನೆಯಲ್ಲಿ ಹೊಸ ನಿಯಮ ಬಂತು. ಸ್ವಂತ ಫೋನು ಗೇಟಿನಲ್ಲೇ ಇಡಬೇಕು, ಒಳಗೆ ಕಂಪನಿ ಕೊಟ್ಟ ಫೋನು ಮಾತ್ರ. ದುಬಾರಿ ಫೋನು, ಮುಖ ಕಾಣುವಷ್ಟು ಹೊಳಪು. ಅವಳು ಅದನ್ನು ಮನೆಗೆ ತಂದ ದಿನ ಪುಟ ತೆರೆದು ಗುಂಡಿ ಒತ್ತಿದೆ. ಅದು ಮಿಸುಕಲಿಲ್ಲ.

ಅದರಲ್ಲಿದ್ದ ಬ್ರೌಸರ್ ಬಿಟ್ಟು, ಹಳೇ ಫೋನಿನಲ್ಲಿ ಚೆನ್ನಾಗಿ ಓಡುತ್ತಿದ್ದ ಬ್ರೌಸರನ್ನೇ ಹಾಕಿದೆ. ಅದೇ ಹೆಸರು, ಅದೇ ಚಿತ್ರ. ಆದರೂ ಮಿಸುಕಲಿಲ್ಲ. ಮತ್ತೊಂದು ಹಾಕಿದೆ, ಮಗದೊಂದು ಹಾಕಿದೆ. ಪ್ರತಿಸಲವೂ ಅವಳು ಅಂಗೈ ಚಾಚಿ ಕಾಯುವಳು, ಆಮೇಲೆ ಇಲ್ಲವೆಂದು ತಲೆಯಾಡಿಸುವಳು.

ಕಾರಣ ತಿಳಿದಾಗ ಮೈ ಉರಿದುಹೋಯಿತು. ಆ ಫೋನಿನಲ್ಲಿ ಯಾರ ಬ್ರೌಸರ್ ಹಾಕಿಕೊಂಡರೂ ಒಳಗೆ ಪುಟ ನಡೆಸುವ ಎಂಜಿನ್ ಮಾತ್ರ ಫೋನು ತಯಾರಿಸಿದವರದೇ ಇರಬೇಕಂತೆ. ಆ ಎಂಜಿನ್ನು ವೆಬ್ ಪುಟಕ್ಕೆ ಫೋನನ್ನು ಅದುರಿಸಲು ಬಿಡುವುದಿಲ್ಲ. ನಮ್ಮ ಟೆಕ್ ಪಾರ್ಕಿನ ಫುಡ್ ಕೋರ್ಟೂ ಹೀಗೇ. ಆಂಧ್ರ, ಉಡುಪಿ, ಪಂಜಾಬಿ ಎಂದು ಬೋರ್ಡುಗಳು ಬೇರೆ ಬೇರೆ, ಹಿಂದೆ ಅಡುಗೆಮನೆ ಒಂದೇ. ಆದರೆ ಅಲ್ಲಿನ ಊಟ ಸೇರದಿದ್ದರೆ ರಸ್ತೆ ದಾಟಿ ತಳ್ಳುಗಾಡಿಯಲ್ಲಿ ತಿನ್ನಬಹುದು. ಈ ಫೋನಿನಲ್ಲಿ ಗೇಟಿಗೇ ಬೀಗ. ಕೆಲವು ದೇಶಗಳಲ್ಲಿ ಸರ್ಕಾರಗಳು ಗದರಿಸಿ ಆ ಬೀಗ ಸಡಿಲಿಸಿವೆಯಂತೆ. ಜಿಗಣಿಯವರೆಗೆ ಅದು ಬಂದಿಲ್ಲ.

ಆ ಫೋನು ತಯಾರಿಸಿದವರ ಸಹಾಯವಾಣಿಗೆ ಫೋನ್ ಮಾಡಿದೆ. “ಮೇಡಂ, ಬೇರೆ ಬ್ರೌಸರ್ ಹಾಕ್ಕೊಂಡು ಟ್ರೈ ಮಾಡಿ,” ಎಂದಿತು ಒಂದು ಸೌಮ್ಯ ದನಿ.

“ಬೇರೆ ಅನ್ನೋದು ಎಲ್ಲಿದೆಯಪ್ಪಾ ಅದ್ರಲ್ಲಿ?”

“ಇನ್ನೇನಾದ್ರೂ ಸಹಾಯ ಬೇಕಿತ್ತಾ ಮೇಡಂ?”

ಫೋನಿಟ್ಟೆ. ಇಲ್ಲದಿದ್ದರೆ ಆ ಪಾಪದವನು ನನ್ನ ಬಾಯಿಗೆ ಸಿಕ್ಕಿಬೀಳುತ್ತಿದ್ದ. ಎಲ್ಲ ನಿಮ್ಮ ಸುರಕ್ಷತೆಗೆ ಎನ್ನುತ್ತಾರೆ ಫೋನಿನವರು. ನನ್ನ ತಂಗಿಯ ಹೆಸರಿನಿಂದ ಯಾರ ತಲೆ ಹೋಗುತ್ತಿತ್ತು? ಮೆಸೇಜ್ ಬಂದರೆ ಆ ಫೋನೂ ಅದುರುತ್ತದೆ, ನಿಜ. ಆದರೆ ಕಂಪನಿಯ ಸೂಚನೆಗೂ, ಶಿಫ್ಟಿನ ಅಲಾರಾಂಗೂ, ಅವಳನ್ನು ಕರೆಯುವುದಕ್ಕೂ ಅದೇ ಗುರ್ ಗುರ್. ದಿನವಿಡೀ ಬರುವ ಅದನ್ನು ಅವಳು ಗಮನಿಸುವುದನ್ನೇ ಬಿಟ್ಟಳು. ಆ್ಯಪ್ ಮಾಡು ಎಂದರು ಗೆಳತಿಯರು. ಮಾಡಿ ಫೋನಿನವರ ಆ್ಯಪ್ ಸ್ಟೋರಿಗೆ ಕಳಿಸಿದೆ. ಇದರಲ್ಲಿ ಒಂದು ಗುಂಡಿ ಬಿಟ್ಟರೆ ಏನೂ ಇಲ್ಲ, ಜನರಿಗೆ ಉಪಯೋಗವಿಲ್ಲ ಎಂದು ವಾಪಸ್ ಬಂತು. ಜನರಿಗಂತೆ! ಕೊನೆಗೆ, ಹಳೇ ಫೋನನ್ನಾದರೂ ಒಳಗೆ ಬಿಡಿ ಎಂದು ಸೂಪರ್‌ವೈಸರನ್ನು ಕೇಳಿದೆ.

“ಒಬ್ರಿಗೆ ಬಿಟ್ರೆ ಎಲ್ರೂ ಕೇಳ್ತಾರೆ ಮೇಡಂ,” ಎಂದರು.

ಮೊನ್ನೆ ಸಂಜೆ ತಂಗಿ ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ನನ್ನ ಮುಂದೆ ನಿಂತು, ಮೇಜಿನ ಮೇಲೆ ಕಾಗದದ ಉಂಡೆಯೊಂದನ್ನು ಇಟ್ಟಳು. ಏನದು ಎಂದು ಸನ್ನೆ ಮಾಡಿದೆ, ಗೊತ್ತಿದ್ದೂ.

ಅವಳು ಉಂಡೆಯನ್ನು ತೋರಿಸಿದಳು. ಆಮೇಲೆ ಎದೆ ಮುಟ್ಟಿಕೊಂಡು ಕೈಸನ್ನೆಯಲ್ಲಿ ಹೇಳಿದಳು: ನನ್ನ ಹೆಸರು.